ಸಿಂಹರಾಜದ ಪೈನು, ಶಿರಸಿಯ ಅಕೇಶಿಯಾ

ಶುಕ್ರವಾರ, ಶಿರಸಿ

ನಮ್ಮ ಫಾರೆಸ್ಟ್ರಿ ತರಗತಿಯ ವಿದೇಶ ಪ್ರವಾಸಕ್ಕೆ ದೇಶ ಆರಿಸುವಾಗ ಒಂದು ತಿಂಗಳು ಜಗಳವೇ ನಡೆದಿತ್ತು. ಹುಡುಗರಿಗೆ ಥಾಯ್ಲೆಂಡ್ ಬೇಕಿತ್ತು. ಹುಡುಗಿಯರಲ್ಲಿ ಅರ್ಧ ಜನ ಸಿಂಗಪುರ ಅಂದರು. ಸರ್ ಮಾತ್ರ ಶ್ರೀಲಂಕಾ ಬಿಟ್ಟು ಬೇರೆ ಮಾತೇ ಎತ್ತಲಿಲ್ಲ. "ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಸೇರಿ ಒಂದೇ ಜೀವವೈವಿಧ್ಯ ಹಾಟ್‌ಸ್ಪಾಟ್ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೀರಿ. ಇನ್ನರ್ಧ ಹೇಗಿದೆ ಅಂತ ನೋಡೋದು ಬೇಡವಾ?" ಎಂದರು. ಖರ್ಚು ಕಡಿಮೆ ಎನ್ನುವುದೇ ಅಸಲಿ ಕಾರಣ ಎಂದು ನಮಗೆಲ್ಲ ಗುಮಾನಿ ಇತ್ತು. ಆದರೆ ಹಾಗೆ ನೋಡಿದರೆ ನಮ್ಮಪ್ಪನ ಕಿಸೆಗೂ ಅದೇ ಸರಿ.

ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸಿದವಳು ನಾನೇ ಮೊದಲು. ಪರಿಶೀಲನೆಗೆ ಪೊಲೀಸರು ಬಂದು ಹೋದ ಮೇಲೆ ಊರಿನ ಅರ್ಧ ಜನ ಏನಾಯ್ತು ಎಂದು ವಿಚಾರಿಸಿಕೊಂಡು ಹೋದರು. ಈ ವರ್ಷ ಮಾರಿಕಾಂಬೆಯ ಜಾತ್ರೆ ಇಲ್ಲ, ಇದ್ದಿದ್ದರೆ ಆಯಿ ಕಳಿಸುತ್ತಲೇ ಇರಲಿಲ್ಲ. ತೊಡದೇವು, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಕಟ್ಟಿಟ್ಟು, "ವಿಮಾನದಲ್ಲಿ ಉಪ್ಪಿನಕಾಯಿ ಬಿಡ್ತ್ವನೇ ತಂಗಿ?" ಎಂದು ಕೇಳಿದಳು. ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಬಿಡುತ್ತಾರೆ ಎಂದೆ. ರಾತ್ರಿ ಬಸ್ಸು ಹೊರಡುವಾಗ ಹಾಸ್ಟೆಲಿನವರೆಲ್ಲ ಸೇರಿ ಗಲಾಟೆ ಎಬ್ಬಿಸಿದ್ದರಿಂದ ಅಳುವುದಕ್ಕೆ ಯಾರಿಗೂ ಪುರಸೊತ್ತು ಸಿಗಲಿಲ್ಲ.

ಶನಿವಾರ, ಕ್ಯಾಂಡಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಯುವ ಅಧಿಕಾರಿ ಕನ್ನಡದವರೇ. ಎಲ್ಲಿಗೆ, ಯಾಕೆ ಎಂದು ಕೇಳಿದರು. ಕಾಡು ನೋಡಲು ಎಂದೆ. ಯಾವೂರು ಎಂದರು. ಶಿರಸಿ ಎಂದೆ. "ಶಿರಸಿಯವರು ಕಾಡು ನೋಡೋಕೆ ಲಂಕೆಗೆ ಹೋಗೋದೇನಮ್ಮಾ!" ಎಂದು ನಕ್ಕು ಠಸ್ಸೆ ಹೊಡೆದರು. ಆ ಮಾತನ್ನು ನಮ್ಮ ಬ್ಯಾಚು ವಾರವಿಡೀ ಆಡಿಕೊಂಡಿತು.

ಆಕಾಶದಲ್ಲಿ ಇದ್ದದ್ದು ಒಂದೂವರೆ ಗಂಟೆಯ ಆಸುಪಾಸು. ಶಿರಸಿಯಿಂದ ಹುಬ್ಬಳ್ಳಿಗೆ ಸರಕಾರಿ ಬಸ್ಸಿಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಗಡಿಯಾರವನ್ನೂ ಬದಲಿಸಬೇಕಿಲ್ಲ, ಅಲ್ಲಿಯೂ ನಮ್ಮದೇ ಸಮಯ. ಕಟುನಾಯಕೆಯಲ್ಲಿ ಇಳಿದು ಹೊರಬಂದಾಗ ಕುಮಟಾದಲ್ಲಿ ಇಳಿದಂತೆಯೇ ಸೆಕೆ. ವಿದೇಶ ಎಂಬ ಭಾವನೆ ಬಂದದ್ದು ರೊಕ್ಕ ಬದಲಿಸುವಾಗ ಮಾತ್ರ. ನಮ್ಮ ಒಂದು ರೂಪಾಯಿಗೆ ಅವರದು ಮೂರಕ್ಕೂ ಹೆಚ್ಚು ಸಿಗುವುದರಿಂದ ಎಲ್ಲರೂ ಕೆಲವು ಗಂಟೆ ಶ್ರೀಮಂತರಾದೆವು. ಊಟದ ಬಿಲ್ಲು ಬಂದ ಮೇಲೆ ಆ ಶ್ರೀಮಂತಿಕೆ ಇಳಿಯಿತು.

ಕ್ಯಾಂಡಿ ದಾರಿಯಲ್ಲಿ ಕಜುಗಮ ಎಂಬಲ್ಲಿ ಹೆಂಗಸರು ಸಾಲಾಗಿ ಅಂಗಡಿ ಇಟ್ಟುಕೊಂಡು ಗೋಡಂಬಿ ಮಾರುತ್ತಾರೆ. ಕುಮಟಾದ ಗೆಳತಿಯ ಮನೆಯವರು ಗೇರುಬೀಜದ ಕಾರ್ಖಾನೆಯಲ್ಲೇ ದುಡಿದವರು. ಅವಳು ಒಂದೊಂದೇ ಬೀಜ ಎತ್ತಿ ತಿರುಗಿಸಿ ನೋಡಿ, ದರ ಕೇಳಿ, ಏನೂ ಕೊಳ್ಳದೆ ಬಸ್ ಹತ್ತಿದಳು. ಮುಂದೆ ಕಡುಗನ್ನಾವ ಘಾಟಿ. ಕ್ಯಾಂಡಿಯನ್ನು 1815ರಲ್ಲಿ ವಶಪಡಿಸಿಕೊಂಡ ಬ್ರಿಟಿಷರು 1820ರ ದಶಕದಲ್ಲಿ ಈ ರಸ್ತೆ ಮಾಡಿದರು. ಒಂದು ಕಡೆ ಬಂಡೆಯನ್ನೇ ಕೊರೆದು ದಾರಿ ಬಿಟ್ಟಿದ್ದಾರೆ. ಬೆಟ್ಟವನ್ನು ತೂತು ಮಾಡಿದವನಿಗೇ ರಾಜ್ಯ ದಕ್ಕುತ್ತದೆ ಎಂಬ ಹಳೆಯ ನಂಬಿಕೆ ಇತ್ತಂತೆ, ಅದಕ್ಕೇ ಬಳಸಿ ಹೋಗದೆ ಕೊರೆದರು ಎಂದು ಜನ ಹೇಳುತ್ತಾರೆ. ದೇವಿಮನೆ ಘಾಟಿಯಲ್ಲಿ ದಿನಾ ಓಡಾಡುವ ನಮಗೆ ತಿರುವುಗಳೇನೂ ಹೊಸತಲ್ಲ. ಬೀದರಿನ ಹುಡುಗ ಮಾತ್ರ ಎರಡು ಬಾರಿ ಬಸ್ ನಿಲ್ಲಿಸಿದ.

ಭಾನುವಾರ, ಪೆರಾದೆನಿಯ

ಬೆಳಗಿನ ತಿಂಡಿಗೆ ಶ್ಯಾವಿಗೆ, ತೆಂಗಿನಹಾಲಿನ ಬೇಳೆ ಸಾರು, ಜೊತೆಗೆ ಹಸಿರು ಸೊಪ್ಪಿನ ಕೋಸಂಬರಿಯಂಥದ್ದು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಒಂದೆಲಗ! ನಮ್ಮಲ್ಲಿ ತಂಬುಳಿ ಮಾಡುವ ಸೊಪ್ಪನ್ನು ಇವರು ಕಾಯಿತುರಿ ಹಾಕಿ ಹಸಿಯಾಗಿಯೇ ತಿನ್ನುತ್ತಾರೆ, ಗೊಟುಕೊಳ ಎನ್ನುತ್ತಾರೆ. ಪಕ್ಕದಲ್ಲಿದ್ದ ಕೆಂಪು ಕಾಯಿಚಟ್ನಿಗೆ ಕೈ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಅದಕ್ಕೆ ಒಣಮೀನಿನ ಚೂರು ಬಿದ್ದಿರುತ್ತದೆ. ಕಾರವಾರದ ಹುಡುಗ ನಮ್ಮ ಪಾಲಿನದನ್ನೂ ಸಂತೋಷದಿಂದ ಮುಗಿಸಿದ.

ಪೆರಾದೆನಿಯದ ಸಸ್ಯೋದ್ಯಾನ ಮಹಾವೇಲಿ ನದಿ ಬಳಸಿಕೊಂಡು ಹರಿಯುವ ಜಾಗದಲ್ಲಿದೆ. 147 ಎಕರೆ, 1821ರಲ್ಲಿ ಆರಂಭ. ಎರಡನೇ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ ಆಗ್ನೇಯ ಏಷ್ಯಾದ ಸೇನಾ ಕಾರ್ಯಾಲಯವನ್ನು ಇಲ್ಲಿಯೇ ಇಟ್ಟುಕೊಂಡಿದ್ದ. ಸೇಶೆಲ್ಸ್ ದ್ವೀಪದ ಜೋಡಿತೆಂಗಿನ ಸಾಲು, ಸಸ್ಯಲೋಕದಲ್ಲೇ ಅತಿ ಭಾರದ ಬೀಜ ಬಿಡುವ ಮರ ಅದು. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡರು, ನಾನೂ.

ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಶ್ರೀತಾಳೆಯ ಕೆಳಗೆ. ಮೂವತ್ತು ವರ್ಷಕ್ಕೋ ಅರವತ್ತು ವರ್ಷಕ್ಕೋ ಒಮ್ಮೆ, ಜೀವಮಾನದಲ್ಲಿ ಒಂದೇ ಸಲ ತುದಿಯಲ್ಲಿ ಲಕ್ಷಗಟ್ಟಲೆ ಹೂ ಬಿಟ್ಟು, ಕಾಯಿ ಮಾಗಿಸಿ ಸಾಯುವ ಮರ. ಬೌದ್ಧ ಗ್ರಂಥಗಳನ್ನು ಶತಮಾನಗಳ ಕಾಲ ಇದರ ಗರಿಯ ಮೇಲೆಯೇ ಕೊರೆದದ್ದು ಎಂದು ಇಲ್ಲಿ ಗೌರವದಿಂದ ತೋರಿಸುತ್ತಾರೆ. ನಮ್ಮ ಯಾಣದ ಸುತ್ತಲಿನ ಕಾಡಿನಲ್ಲೂ ಇದೇ ಜಾತಿಯ ಮರಗಳಿವೆ. ಯಾಣಕ್ಕೆ ಬರುವವರು ಬಂಡೆ ನೋಡಿ ತಿರುಗಿ ಹೋಗುತ್ತಾರೆ. ಶ್ರೀತಾಳೆಗೊಂದು ಫಲಕವಾದರೂ ಬೇಡವೇ?

ಸಂಜೆ ದಂತ ದೇಗುಲ. ಡೋಲು ಬಾರಿಸುವ ಹೊತ್ತಿಗೆ ಸರಿಯಾಗಿ ಹೋದೆವು. ಬುದ್ಧನ ಹಲ್ಲು ಕಣ್ಣಿಗೆ ಬೀಳುವುದಿಲ್ಲ, ಅದನ್ನಿಟ್ಟ ಚಿನ್ನದ ಕರಂಡಕವನ್ನು ದೂರದಿಂದ ನೋಡಿ ಮುಂದೆ ಸರಿಯಬೇಕು. ಬಿಳಿ ಬಟ್ಟೆಯ ಹೆಂಗಸರು ತಾವರೆ, ನೈದಿಲೆ ಇಟ್ಟು ಸುಮ್ಮನೆ ಕೂತಿದ್ದರು. ಎದುರಿನ ಕೆರೆ ಕಟ್ಟಿಸಿದ ಶ್ರೀವಿಕ್ರಮ ರಾಜಸಿಂಹ ಕ್ಯಾಂಡಿಯ ಕೊನೆಯ ದೊರೆ. ಮಧುರೆಯ ನಾಯಕರ ಸಂಬಂಧದವನು, ಬ್ರಿಟಿಷರ ಸೆರೆಯಾಗಿ ವೆಲ್ಲೂರಿನಲ್ಲಿ 1832ರಲ್ಲಿ ತೀರಿಕೊಂಡ.

ಸೋಮವಾರ, ಮಾತಲೆ

ಶಿರಸಿಯ ತೋಟಿಗರ ಎದುರು ಶ್ರೀಲಂಕಾ ಅಂದರೆ ಸಾಕು, ಮುಖ ಗಂಟಾಗುತ್ತದೆ. 1998ರಲ್ಲಿ ಆದ ಮುಕ್ತ ವ್ಯಾಪಾರ ಒಪ್ಪಂದದ ನಂತರ ಅಲ್ಲಿಂದ ಕಾಳುಮೆಣಸು, ಅಡಕೆ ಅಗ್ಗವಾಗಿ ಬಂದು ನಮ್ಮ ದರ ಬಿತ್ತು, ವಿಯೆಟ್ನಾಮಿನ ಮೆಣಸೂ ಲಂಕೆಯ ಹೆಸರಿನಲ್ಲೇ ಒಳಗೆ ಬಂತು ಎನ್ನುವ ಮಾತು ಸೊಸೈಟಿಯ ಕಟ್ಟೆಯ ಮೇಲೆ ಕೂತ ಎಲ್ಲರ ಬಾಯಲ್ಲೂ ಇದೆ. 2017ರ ಕೊನೆಗೆ ಕೇಂದ್ರ ಸರಕಾರ ಕಿಲೋಕ್ಕೆ 500 ರೂಪಾಯಿಗಿಂತ ಕಡಿಮೆ ದರದ ಮೆಣಸು ಆಮದಾಗದಂತೆ ಕನಿಷ್ಠ ಬೆಲೆ ಕಟ್ಟಿತು. ಅಪ್ಪ ಹೇಳಿ ಕಳಿಸಿದ್ದು ಇಷ್ಟೇ: "ಅಲ್ಲಿ ಮೆಣಸು ಹೆಂಗೆ ಬೆಳೆಸ್ತ ಹೇಳಿ ಸಮಾ ನೋಡ್ಕ್ಯಂಡು ಬಾ."

ನೋಡಿದೆ. ಪ್ರವಾಸಿಗರನ್ನು ಕರೆದೊಯ್ಯುವ ಮಸಾಲೆ ತೋಟದಲ್ಲಿ ಮೊಣಕಾಲು ನೋವಿನ ಎಣ್ಣೆ ಮಾರುವ ಉತ್ಸಾಹವೇ ಹೆಚ್ಚು. ಸರ್ ನಮ್ಮನ್ನು ಅಲ್ಲಿಂದ ಎಬ್ಬಿಸಿ ಹಿಂದಿನ ಬೀದಿಯ ಒಂದು ಮನೆ ಹಿತ್ತಲಿಗೆ ಕರೆದುಕೊಂಡು ಹೋದರು. ನಮ್ಮಲ್ಲಿ ಮೆಣಸಿನ ಬಳ್ಳಿ ಅಡಕೆ ಮರವನ್ನು ಹತ್ತುತ್ತದೆ. ಇಲ್ಲಿ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾವನ್ನು ಗೂಟದ ಹಾಗೆ ನೆಟ್ಟು ಅದಕ್ಕೆ ಹಬ್ಬಿಸುತ್ತಾರೆ. ಸವರಿದ ಸೊಪ್ಪು ಬುಡಕ್ಕೇ ಬೀಳುತ್ತದೆ, ಬೇರು ಸಾರಜನಕ ಕೊಡುತ್ತದೆ. ಮೇಲೆ ಹಲಸು, ತೆಂಗು, ಜಾಯಿಕಾಯಿ. ನಡುವೆ ಕಾಫಿ, ಬಾಳೆ. ಕೆಳಗೆ ಶುಂಠಿ. ಕ್ಯಾಂಡಿಯ ಕಾಡುತೋಟ ಎಂದು ಕೃಷಿ ಅರಣ್ಯದ ಪಾಠದಲ್ಲಿ ಓದಿದ್ದು ಇದನ್ನೇ.

ಕೊಳ್ಳೇಗಾಲದ ಗೆಳತಿಗೆ ತಮಿಳು ಬರುತ್ತದೆ, ಮನೆಯ ಅಜ್ಜನಿಗೂ ಬರುತ್ತಿತ್ತು. ತೋಟದ ಗೊಬ್ಬರಕ್ಕೆ ಸೊಪ್ಪು ಎಲ್ಲಿಂದ ತರುತ್ತೀರಿ ಎಂದು ನಾನು ಕೇಳಿಸಿದೆ. ಅಜ್ಜನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಕಡೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟ ಪದ್ಧತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು ಎಂದು ವಿವರಿಸಿದಾಗ ಅವರು ಕಣ್ಣರಳಿಸಿ, "ಹಾಗಾದರೆ ನೀವು ಜಮೀನ್ದಾರರು" ಎಂದರು! ಅವರದು ಒಟ್ಟು ಅರ್ಧ ಎಕರೆ. ಹೋದ ಮಳೆಗಾಲದಲ್ಲಿ ಸೊರಗು ರೋಗಕ್ಕೆ ಬಳ್ಳಿಗಳು ಹೋದವಂತೆ, ದಲ್ಲಾಳಿ ಕೊಡುವ ದರ ಸಾಲದಂತೆ. ನಮ್ಮ ಸೊಸೈಟಿ ಕಟ್ಟೆಯ ಮೇಲೆ ಶಾಪ ಹಾಕಿಸಿಕೊಳ್ಳುವ ಶ್ರೀಲಂಕಾದ ಮೆಣಸಿನವರು ಇವರೇ ಎಂದುಕೊಂಡಾಗ ನನಗೆ ನಗುವೂ ಬಂತು, ಒಂಥರಾ ಕಸಿವಿಸಿಯೂ ಆಯಿತು. ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಪೊಟ್ಟಣ ಅಜ್ಜನ ಮನೆಗೆ ಹೋಯಿತು.

ಹಲಸಿನ ವಿಷಯವನ್ನೂ ಅಲ್ಲೇ ಬರೆದುಕೊಂಡೆ. ಇಲ್ಲಿ ಸ್ವಂತ ಜಾಗದ ಹಲಸಿನ ಮರ ಕಡಿಯಲೂ ಅನುಮತಿ ಬೇಕು, 1951ರಿಂದ ಅದಕ್ಕೊಂದು ಕಾನೂನೇ ಇದೆ. ಬರಗಾಲದಲ್ಲಿ ಅನ್ನ ಕೊಡುವ ಮರ ಎಂಬ ಲೆಕ್ಕ. ಊಟಕ್ಕೆ ಬಡಿಸಿದ ಎಳೆ ಹಲಸಿನ ಪಲ್ಯ ಗಂಟೆಗಟ್ಟಲೆ ಬೆಂದು ಕಪ್ಪಾಗಿತ್ತು. ಆಯಿ ಮಾಡುವುದಕ್ಕಿಂತ ರುಚಿ ಎಂದು ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಮಂಗಳವಾರ, ನುವರ ಎಲಿಯ

ಕ್ಯಾಂಡಿಯಿಂದ ನಾನುಓಯಕ್ಕೆ ರೈಲು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುವ ಆಸೆಗೆ ಮೇಡಂ ಮೊದಲೇ ನೀರೆರೆದಿದ್ದರು. ಬೆಟ್ಟವೆಲ್ಲ ಚಹಾ. ಮೊದಲು ಇಲ್ಲಿ ಇದ್ದದ್ದು ಕಾಫಿ. 1869ರಲ್ಲಿ ಎಲೆಗೆ ತುಕ್ಕು ರೋಗದ ಶಿಲೀಂಧ್ರ ಹತ್ತಿ, ಎರಡು ದಶಕದೊಳಗೆ ಇಡೀ ಬೆಳೆಯೇ ನೆಲಕಚ್ಚಿತು. ಅದಕ್ಕೆ ಎರಡು ವರ್ಷ ಮೊದಲೇ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವ ಲೂಲೆಕಂದೆರದಲ್ಲಿ 19 ಎಕರೆ ಚಹಾ ಹಾಕಿದ್ದ. ಹೋದದ್ದು ಒಂದೇ ಬೆಳೆ, ಬಂದದ್ದೂ ಒಂದೇ ಬೆಳೆ.

ನಿಲ್ದಾಣವೊಂದರಲ್ಲಿ ಕಡಲೆ ವಡೆ ಮಾರಲು ಬಂದ ಹೆಂಗಸು ಕೊಳ್ಳೇಗಾಲದವಳ ಜೊತೆ ರೈಲು ಬಿಡುವವರೆಗೂ ಮಾತಾಡಿದರು. ಮುತ್ತಜ್ಜ ತಮಿಳುನಾಡಿನಿಂದ ತೋಟದ ಕೂಲಿಗೆ ಬಂದವನಂತೆ. ಇವರಂಥ ಲಕ್ಷಾಂತರ ಜನರಿಗೆ 1948ರ ಕಾನೂನಿನಿಂದ ಪೌರತ್ವವೇ ಇಲ್ಲದಂತಾಗಿ, ಅದನ್ನು ಸರಿಪಡಿಸಲು ದಶಕಗಳು ಹಿಡಿದವು. ಫೋಟೊದಲ್ಲಿ ಮಾತ್ರ ಬುಟ್ಟಿ ಹೊತ್ತ ಹೆಂಗಸರ ನಗು ಚೆನ್ನಾಗಿ ಬರುತ್ತದೆ.

ಬುಧವಾರ

ಇಡೀ ದಿನ ಬಸ್ಸು. ರತ್ನಪುರದಲ್ಲಿ ಹರಳು ಕೊಳ್ಳುವವರು ಇಳಿದರು, ಅಸಲಿಯೋ ನಕಲಿಯೋ ದೇವರೇ ಬಲ್ಲ. ರಾತ್ರಿ ಕುಡಾವ ತಲುಪಿದಾಗ ಮಳೆ. ಫೆಬ್ರವರಿಯಲ್ಲಿ ಮಳೆ!

ಗುರುವಾರ, ಸಿಂಹರಾಜ

ಈ ಒಂದು ದಿನಕ್ಕಾಗಿಯೇ ಸರ್ ನಮ್ಮನ್ನು ಇಲ್ಲಿಯವರೆಗೆ ತಂದದ್ದು.

ಒಳಗೆ ಹೋಗಲು ಊರಿನ ಮಾರ್ಗದರ್ಶಿ ಜೊತೆಗಿರಲೇಬೇಕು. ಉಂಬಳ, ಅಂದರೆ ಜಿಗಣೆ ಹತ್ತದಂತೆ ಮೊಣಕಾಲುದ್ದದ ಬಟ್ಟೆಚೀಲ ಬಾಡಿಗೆಗೆ ಕೊಡುತ್ತಾರೆ. ಕಾರವಾರ, ಶಿರಸಿಯವರು ಜಂಬದಿಂದ ಬೇಡ ಎಂದೆವು. ಬೀದರಿನವನು ಎರಡು ಜೋಡಿ ಕೇಳಿ ಪಡೆದ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕಾಲಲ್ಲೂ ರಕ್ತ, ಅವನೊಬ್ಬನದು ಬಿಟ್ಟು.

ನಮ್ಮ ಕತ್ತಲೆಕಾನು ಕಾಡನ್ನು ನೋಡಿದವರಿಗೆ ಸಿಂಹರಾಜದ ಮಳೆಕಾಡು ಅಪರಿಚಿತ ಅನಿಸುವುದಿಲ್ಲ. ಮಾರ್ಗದರ್ಶಿ ನೆಲದಿಂದ ಎರಡು ರೆಕ್ಕೆಯ ಕಾಯಿ ಎತ್ತಿ ತೋರಿಸಿದಾಗ ಅರ್ಧ ತರಗತಿ ಒಟ್ಟಿಗೆ ಡಿಪ್ಟೆರೋಕಾರ್ಪಸ್ ಎಂದು ಕೂಗಿತು. ಆ ಕುಲದ ಮರಗಳಲ್ಲಿ ಇವರದು ಜೈಲಾನಿಕಸ್ ಜಾತಿ, ಹೋರ ಎನ್ನುತ್ತಾರೆ. ನಮ್ಮದು ಇಂಡಿಕಸ್, ಉತ್ತರಕ್ಕೆ ಅದರ ಗಡಿ ಮುಗಿಯುವುದೇ ನಮ್ಮ ಜಿಲ್ಲೆಯ ಆಸುಪಾಸಿನಲ್ಲಿ. ವ್ಯತ್ಯಾಸ ಮಳೆಯದು. ನಮ್ಮಲ್ಲಿ ಆಕಾಶ ನಾಲ್ಕು ತಿಂಗಳು ಸುರಿದು ಆಮೇಲೆ ಬಾಗಿಲು ಹಾಕುತ್ತದೆ. ಇಲ್ಲಿ ವರ್ಷಕ್ಕೆ 3000ದಿಂದ 5000 ಮಿಲಿಮೀಟರ್ ಹನ್ನೆರಡೂ ತಿಂಗಳಿಗೆ ಹಂಚಿ ಬೀಳುತ್ತದೆ. ಒಣಗುವುದು ಎಂದರೇನು ಎಂದು ಈ ಮರಗಳಿಗೆ ಗೊತ್ತಿಲ್ಲ. ಇಲ್ಲಿನ ಮರಜಾತಿಗಳಲ್ಲಿ ಅರ್ಧಕ್ಕೂ ಹೆಚ್ಚು ಲಂಕೆ ಬಿಟ್ಟರೆ ಬೇರೆಲ್ಲೂ ಇಲ್ಲ.

ಇದ್ದಕ್ಕಿದ್ದಂತೆ ಮೇಲೆ ಗಲಾಟೆ ಎದ್ದಿತು. ಹರಟೆಮಲ್ಲಗಳು, ಕಾಜಾಣ, ನೀಲಿ ಮ್ಯಾಗ್‌ಪೈ, ಎಲ್ಲ ಜಾತಿಯ ಹಕ್ಕಿಗಳು ಒಂದೇ ಮೆರವಣಿಗೆಯಲ್ಲಿ ಮರದಿಂದ ಮರಕ್ಕೆ ಸಾಗಿ ಹೋದವು. ಸಿಂಹರಾಜದ ಈ ಮಿಶ್ರ ಹಿಂಡುಗಳ ಮೇಲೆ ದಶಕಗಳ ಸಂಶೋಧನೆ ನಡೆದಿದೆ. ಕಾಜಾಣ ಕಾವಲುಗಾರ. ಉಳಿದವರು ಎಬ್ಬಿಸಿದ ಹುಳ ಹಿಡಿಯುವುದು ಅದರ ಸಂಬಳ.

ನಾವು ನಡೆದ ದಾರಿ ಅಗಲವಾಗಿತ್ತು. ಕಾಡಿನೊಳಗೆ ಇಷ್ಟು ಅಗಲದ ದಾರಿ ಯಾಕೆ ಎಂದು ಯಾರೋ ಕೇಳಿದರು. ಲಾರಿಗೆ, ಎಂದರು ಮಾರ್ಗದರ್ಶಿ. 1970ರ ದಶಕದಲ್ಲಿ ಪ್ಲೈವುಡ್ ಕಾರ್ಖಾನೆಗಾಗಿ ಇಲ್ಲಿ ಯಂತ್ರ ಇಳಿಸಿ ಮರ ಕಡಿದಿದ್ದರು. ಜನ, ವಿಜ್ಞಾನಿಗಳು ಎದ್ದು ನಿಂತ ಮೇಲೆ ಆ ದಶಕದ ಕೊನೆಗೆ ಕಡಿತ ನಿಂತಿತು. 1978ರಲ್ಲಿ ಜೀವಗೋಲ ಮೀಸಲು, 1988ರಲ್ಲಿ ವಿಶ್ವ ಪರಂಪರೆ ತಾಣ. ನಾವು ಮುಖ ಮುಖ ನೋಡಿಕೊಂಡೆವು. 1983ರ ಸೆಪ್ಟೆಂಬರ್ 8ರಂದು ನಮ್ಮ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡದ್ದು ಇಂಥದ್ದೇ ಕೊಡಲಿಯ ಎದುರು. ಸರ್ ನಿಂತಲ್ಲೇ ಅಪ್ಪಿಕೋ ಕಥೆಯನ್ನು ಮಾರ್ಗದರ್ಶಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಪಕ್ಕದ ಹೋರ ಮರವನ್ನು ತಬ್ಬಿ, ಹೀಗಾ ಎಂದು ಕೇಳಿದರು. ಹೌದು, ಹೀಗೇ.

ನನಗೆ ಮುಖ್ಯವೆನಿಸಿದ್ದು ವಾಪಸು ಬರುವಾಗ, ಕಾಡಿನ ಅಂಚಿನಲ್ಲಿ. ಅಲ್ಲಿರುವುದು ಪೈನ್ ನೆಡುತೋಪು. ದೂರದ ಕೆರಿಬಿಯನ್ ಪೈನನ್ನು ತಂದು 1970ರ ದಶಕದ ಕೊನೆಯಲ್ಲಿ ಸಿಂಹರಾಜಕ್ಕೆ ಬೇಲಿಯ ಹಾಗೆ ನೆಟ್ಟಿದ್ದರು. ಬೇಗ ಬೆಳೆಯಿತು, ನೆಲದಲ್ಲಿ ಸೂಜಿ ಎಲೆಯ ಹಾಸು ಬಿತ್ತು. ಹೀಗೆಯೇ ಹೊರಗಿನಿಂದ ತಂದು ನೆಟ್ಟ ಅಕೇಶಿಯಾ ತೋಪಿನ ಕೆಳಗೆ ನಡೆದ ನಮ್ಮ ಜಿಲ್ಲೆಯ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಪೆರಾದೆನಿಯ ವಿಶ್ವವಿದ್ಯಾಲಯದ ಗುಣತಿಲ್ಲೆಕೆ ದಂಪತಿ ಮತ್ತು ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ಆಶ್ಟನ್ ಈ ಪೈನನ್ನು ಪೂರ್ತಿ ಬೋಳಿಸಲು ಹೊರಡಲಿಲ್ಲ. ಅದನ್ನೇ ದಾದಿಯಾಗಿ ಬಳಸಿಕೊಂಡರು. ಕೆಲವೆಡೆ ಒಂದು ಸಾಲು, ಕೆಲವೆಡೆ ಮೂರು ಸಾಲು ಪೈನ್ ತೆಗೆದು, ಬೆಳಕಿನ ಕಿಂಡಿ ಬಿಟ್ಟು, ಕೆಳಗೆ ಮಳೆಕಾಡಿನ ಸಸಿ ನೆಟ್ಟರು. ಪೂರ್ತಿ ನೆರಳಿನಲ್ಲಿ ಸಸಿ ಏಳಲಿಲ್ಲ. ಮೂರು ಸಾಲು ತೆಗೆದ ಕಡೆ ಎಲ್ಲಕ್ಕಿಂತ ಚೆನ್ನಾಗಿ ಎದ್ದಿತು. ಜೊತೆಗೆ ಏಲಕ್ಕಿ, ಬೆತ್ತ, ಬೈನೆಯಂಥ ಊರವರಿಗೆ ದುಡ್ಡು ತರುವ ಗಿಡಗಳನ್ನೂ ಪ್ರಯತ್ನಿಸಿದರು. ಪೈನ್ ಕಂಬಗಳ ನಡುವೆ ಹೋರ ಮರಗಳು ನನಗಿಂತ ಎಷ್ಟೋ ಎತ್ತರಕ್ಕೆ ನಿಂತದ್ದನ್ನು ನಾನು ತಲೆ ಎತ್ತಿ ನೋಡಿದೆ. ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು ಸಾಲಿನ ಅಂತರ ಮತ್ತು ಕಿಂಡಿಯ ಅಗಲ ಮಾತ್ರ.

ನಮ್ಮಲ್ಲಿ ಅಕೇಶಿಯಾ ಚರ್ಚೆ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಒಬ್ಬರು ಪೂರ್ತಿ ಕಡಿಯಿರಿ ಎನ್ನುತ್ತಾರೆ. ಇನ್ನೊಬ್ಬರು ಕಡಿದರೆ ಸೌದೆಗೆ ಎಲ್ಲಿ ಹೋಗುವುದು ಎನ್ನುತ್ತಾರೆ. ಮೂರನೇ ದಾರಿಯನ್ನು ಹಾಳೆಯ ಮೇಲೆ ಓದಿದ್ದೆ, ಕಾಲಿಟ್ಟು ನಡೆದದ್ದು ಇವತ್ತು.

ಸಂಜೆ ಮಾರ್ಗದರ್ಶಿಯ ಮನೆಯಲ್ಲಿ ಚಹಾ. ಸಕ್ಕರೆ ಹಾಕುವುದಿಲ್ಲ, ಅಂಗೈಯಲ್ಲಿ ಕಿತುಲ್ ಬೆಲ್ಲದ ತುಂಡಿಟ್ಟು ಕಚ್ಚುತ್ತ ಕುಡಿಯಬೇಕು. ಕಿತುಲ್ ಎಂದರೆ ನಮ್ಮ ಬೈನೆ ಮರ. ನಮ್ಮಲ್ಲಿ ಅದರ ಹೆಸರೆತ್ತಿದರೆ ಕಳ್ಳು, ಇಲ್ಲವಾದರೆ ಆನೆಯ ಮೇವು. ಇವರು ಹೂಗೊಂಚಲಿನ ರಸ ಇಳಿಸಿ, ಕುದಿಸಿ ಪಾಕ ಮಾಡುತ್ತಾರೆ, ಗಟ್ಟಿ ಮಾಡಿದರೆ ಬೆಲ್ಲ. ಎಮ್ಮೆ ಮೊಸರಿನ ಮೇಲೆ ಆ ಪಾಕ ಸುರಿದು ಕೊಟ್ಟಾಗ ನಮ್ಮ ಜೋನಿಬೆಲ್ಲದ ನೆನಪಾಗಿ ಎರಡು ಬಟ್ಟಲು ಖಾಲಿ ಮಾಡಿದೆ.

ಶುಕ್ರವಾರ, ಗಾಲೆ

ಗಾಲೆಯ ಹತ್ತಿರ ದಾಲ್ಚಿನ್ನಿ ಸುಲಿಯುವ ಮನೆಯೊಂದರಲ್ಲಿ ಬೆಳಿಗ್ಗೆ ಕಳೆಯಿತು. ಗಿಡವನ್ನು ಬುಡದಲ್ಲಿ ಕತ್ತರಿಸುತ್ತಾರೆ, ಮತ್ತೆ ಚಿಗುರುತ್ತದೆ, ಮತ್ತೆ ಕತ್ತರಿಸುತ್ತಾರೆ. ಹೊರಸಿಪ್ಪೆ ಹೆರೆದು, ಹಿತ್ತಾಳೆ ಸಲಾಕೆಯಿಂದ ತಿಕ್ಕಿ ಒಳತೊಗಟೆ ಸಡಿಲಿಸಿ, ಚಿಕ್ಕ ಚಾಕುವಿನಿಂದ ಕಾಗದದಂತೆ ಎತ್ತುತ್ತಾರೆ. ಅದನ್ನು ಒಂದರೊಳಗೊಂದು ತುಂಬಿ 42 ಅಂಗುಲದ ಕೊಳವೆ ಮಾಡಿ ನೆರಳಿನಲ್ಲಿ ಒಣಗಿಸುವುದು. ನಮ್ಮ ಕಾಡಿನ ದಾಲ್ಚಿನ್ನಿಯ ತೊಗಟೆಯನ್ನು ನಿಂತ ಮರದಿಂದಲೇ ಸುಲಿದು ಮರ ಒಣಗಿಸಿದ್ದನ್ನು ಫೀಲ್ಡಿಗೆ ಹೋದಾಗ ಕಂಡಿದ್ದೇವೆ. ಸುಲಿಯುವ ಅಕ್ಕನ ಕೈ ನಿಲ್ಲುತ್ತಲೇ ಇರಲಿಲ್ಲ. ಕಲಿಯಲು ಬರುವವರು ಕಡಿಮೆಯಾಗಿದ್ದಾರೆ ಎಂದರು. ಅಡಕೆ ಕೊನೆ ಕೊಯ್ಯುವ ಕೊನೆಗೌಡರು ಸಿಗದ ಊರಿನವಳಿಗೆ ಹೊಸ ಸುದ್ದಿಯಲ್ಲ.

ಕೋಟೆಯ ಗೋಡೆಯ ಮೇಲೆ ಕೂತು ಚರಿತ್ರೆಯ ಲೆಕ್ಕ ಹಾಕಿದೆವು. ದಾಲ್ಚಿನ್ನಿಗೆ ಇಲ್ಲಿ ಬಂದ ಪೋರ್ಚುಗೀಸರೇ ಮೆಣಸಿಗೆ ನಮ್ಮ ಹೊನ್ನಾವರದ ದಂಡೆಗೂ ಬಂದವರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರು. 1640ರಲ್ಲಿ ಡಚ್ಚರು ಗಾಲೆಯನ್ನು ಅವರಿಂದ ಕಿತ್ತುಕೊಂಡು ಈಗ ಕಾಣುವ ಕೋಟೆ ಕಟ್ಟಿದರು. 2004ರ ಸುನಾಮಿಗೆ ಹೊರಗಿನ ಊರು ಕೊಚ್ಚಿಹೋದಾಗಲೂ ಈ ಗೋಡೆಯ ಒಳಗಿನದು ಬಹುಪಾಲು ಉಳಿಯಿತು. ಮೀನುಗಾರರ ಮನೆಯ ಕಾರವಾರದ ಹುಡುಗ ಆ ಮಾತು ಕೇಳಿ ಬಹಳ ಹೊತ್ತು ಅಲೆ ನೋಡುತ್ತ ನಿಂತಿದ್ದ.

ಶನಿವಾರ, ಕೊಲಂಬೊ

ಮ್ಯೂಸಿಯಮ್ಮಿನಲ್ಲಿ ಚೀನಾದ ಝೆಂಗ್ ಹೆ ಗಾಲೆಯಲ್ಲಿ ನಿಲ್ಲಿಸಿದ 1409ರ ಶಾಸನ ನೋಡಿದೆವು. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಶಿಯನ್ನಿನಲ್ಲಿ ಅಲ್ಲಾಹನಿಗೆ ಕಾಣಿಕೆ. ಒಂದೇ ಕಲ್ಲಿನಲ್ಲಿ ಯಾರಿಗೂ ಬೇಜಾರಾಗದಂಥ ಏರ್ಪಾಡು. ಆಮೇಲೆ ಅಂಗಡಿ. ಬೀಜ, ಸಸಿ ಏನನ್ನೂ ಒಯ್ಯುವಂತಿಲ್ಲ, ಸಸ್ಯ ಕ್ವಾರಂಟೈನ್ ಕಾಯಿದೆ ಓದಿದವರೇ ಅದನ್ನು ಮುರಿದರೆ ನಾಚಿಕೆಗೇಡು ಎಂದು ಸರ್ ಎಲ್ಲರ ಬ್ಯಾಗು ಬಿಚ್ಚಿಸಿದರು. ಹೋರದ ಕಾಯಿಗಳೆಲ್ಲ ಅಲ್ಲಿಯೇ ಉಳಿದವು. ದಾಲ್ಚಿನ್ನಿ, ಚಹಾಪುಡಿ ಪಾಸಾದವು.

ಬೆಂಗಳೂರಿನಿಂದ ಊರಿಗೆ ಹೊರಟ ಬಸ್ಸಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಪ್ರವಾಸದ ವರದಿ ಯಾರು ಯಾವ ಭಾಗ ಬರೆಯುವುದು ಎಂದು ಶುರುವಾದದ್ದು ಅಕೇಶಿಯಾಕ್ಕೆ ಬಂದು ನಿಂತಿತು. ಪೈನ್‌ನಂತೆ ಅಕೇಶಿಯಾ ಸುಮ್ಮನಿರುವುದಿಲ್ಲ, ಕಡಿದ ಬುಡದ ಸುತ್ತ ಅದರದೇ ಬೀಜ ಬಿದ್ದು ಸಸಿ ಏಳುತ್ತದೆ, ಕಿಂಡಿಯನ್ನು ಅದೇ ಮುಚ್ಚುತ್ತದೆ ಎಂದು ಹಳಿಯಾಳದವಳ ತಕರಾರು. ಎರಡು ವರ್ಷ ಕಳೆ ಕಿತ್ತರಾಯಿತು ಎಂದೆ. ಕೀಳುವವರು ಯಾರು, ನೀನಾ ಎಂದಳು. ಸಿಂಹರಾಜದಲ್ಲಿ ವರ್ಷವಿಡೀ ಮಳೆ, ನಮ್ಮ ಸಸಿ ಏಪ್ರಿಲ್ ಬಿಸಿಲು ತಡೆಯಬೇಕಲ್ಲ, ಹಾಗಾದರೆ ನಮಗೆ ಮೂರು ಸಾಲು ಜಾಸ್ತಿಯಾದೀತು, ಒಂದೇ ಸಾಕು ಎಂದ ಕಾರವಾರದವನು. ಒಂದೂ ಮಾಡಿ ಮೂರೂ ಮಾಡಿ ನೋಡೋಣ ಎಂದು ನಾನು. ತುಮಕೂರು ದಾಟಿ ಚಹಾಕ್ಕೆ ನಿಲ್ಲಿಸಿದಾಗ ಸರ್ ಮುಂದಿನ ಸೀಟಿನಿಂದ ಇಳಿದು ಬಂದು, ಜಗಳ ಪೂರ್ತಿ ಕೇಳಿಸಿದೆ, ಅರಣ್ಯ ಇಲಾಖೆಗೆ ಕೊಡಲು ಎರಡು ಪುಟದ ಅರ್ಜಿ ಬರೆದು ಸೋಮವಾರ ತಂದುಕೊಡಿ, ಯಾವ ಸಸಿ ಎಂಬುದನ್ನು ಊರವರನ್ನು ಕೇಳಿಯೇ ಬರೆಯಿರಿ ಎಂದರು. ಹಳಿಯಾಳದವಳು ಅಲ್ಲಿಯೇ ಪೆನ್ನು ತೆಗೆದು ಚಹಾದ ಬಿಲ್ಲಿನ ಹಿಂದೆ ಪಟ್ಟಿ ಶುರು ಮಾಡಿದಳು: ಉಪ್ಪಾಗೆ, ಮುರುಗಲು, ಅಪ್ಪೆಮಾವು, ಬೈನೆ.